ಹಾಡಿಗೆ ಶಾಲು ಹೊದಿಸುವ ವಿಧಾನ

2024ರ ಜುಲೈ 26ರ ರಾತ್ರಿ ಪ್ಯಾರಿಸ್ಸಿನ ಸೀನ್ ನದಿಯ ಮೇಲೆ ಒಂದು ಪಿಯಾನೋಗೆ ಬೆಂಕಿ ಹಚ್ಚಿದರು. ಗಲಾಟೆಯೇನಲ್ಲ, ಒಲಿಂಪಿಕ್ಸ್ ಉದ್ಘಾಟನೆ. ಸುರಿಯುವ ಮಳೆಯಲ್ಲಿ, ಧಗಧಗ ಉರಿಯುವ ಪಿಯಾನೋ ಮುಂದೆ ಕೂತು ಒಬ್ಬರು ನುಡಿಸಿದರು. ಪಕ್ಕದಲ್ಲಿ ಒಬ್ಬಾಕೆ ಹಾಡಿದರು. ಹಾಡು ಜಾನ್ ಲೆನನ್‌ನ ‘ಇಮ್ಯಾಜಿನ್’. ಗಡಿಯಿಲ್ಲದ, ಕಾದಾಟವಿಲ್ಲದ, ನನ್ನದು ನಿನ್ನದೆಂಬ ಆಸ್ತಿಯೂ ಇಲ್ಲದ ಲೋಕವನ್ನು ಸುಮ್ಮನೆ ಒಮ್ಮೆ ಊಹಿಸಿಕೊಳ್ಳಿ ಎಂದು 1971ರಿಂದಲೂ ಬೇಡಿಕೊಳ್ಳುತ್ತಿರುವ ಹಾಡು. ದೇಶಗಳೇ ಬೇಡವೆನ್ನುವ ಈ ಹಾಡು ಇದ್ದ ಸಮಾರಂಭಕ್ಕೆ ಇನ್ನೂರಕ್ಕೂ ಹೆಚ್ಚು ತಂಡಗಳು ತಂತಮ್ಮ ಬಾವುಟ ಹಿಡಿದು ದೋಣಿಯಲ್ಲಿ ಬಂದಿದ್ದವು.

“ಅಪ್ಪಾ, ಶಾಂತಿ ಹಾಡಿಗೆ ಬೆಂಕಿ ಯಾಕೆ?” ಎಂದು ನಿದ್ದೆಗಣ್ಣಲ್ಲಿ ಟೀವಿ ನೋಡುತ್ತಿದ್ದ ಮಗಳು ಕೇಳಿದಳು.

“ಮಳೇಲಿ ನೆಂದಿದ್ದಾರಲ್ಲಮ್ಮ, ಚಳಿ ಕಾಯಿಸ್ಕೊಳ್ಳೋಕೆ” ಎಂದೆ.

ಮಕ್ಕಳಿಗೆ ಎಲ್ಲವನ್ನೂ ಬಿಡಿಸಿ ಹೇಳಲಾಗುವುದಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ ಒಂದು ಲೆಕ್ಕ ಹೊರಗೆ ಹಾಕಿತ್ತು. 2019ರಿಂದ 2023ರ ಅವಧಿಯಲ್ಲಿ ಶಸ್ತ್ರಾಸ್ತ್ರ ಮಾರುವುದರಲ್ಲಿ ಫ್ರಾನ್ಸ್ ರಷ್ಯಾವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಎರಡನೇ ಸ್ಥಾನಕ್ಕೆ ಏರಿತ್ತು. ಆ ಅಂಗಡಿಯ ಅತಿ ದೊಡ್ಡ ಗಿರಾಕಿ ಯಾರು ಎಂದು ಬೇರೆ ಕಡೆ ಹುಡುಕಬೇಡಿ, ಗಾಂಧಿ ಹುಟ್ಟಿದ ನಾಡಿನವರಾದ ನಾವೇ. ವ್ಯಾಪಾರ ಕೈಹಿಡಿದ ವರ್ಷ ಅಂಗಡಿಯವನು ದೇವಸ್ಥಾನದಲ್ಲಿ ಒಂದು ಸೇವೆ ಮಾಡಿಸುವುದು ನಮ್ಮ ಕಡೆಯೂ ಇದೆ. ಅವರು ಹಾಡು ಹಾಡಿಸಿದರು, ಅಷ್ಟೇ.

ಇದೇ ಹಾಡಿನ ಹಳೆಯ ಜಾತಕ ನೋಡಿ. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ, ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳ ಒಡೆಯನಾಗಿದ್ದ ಕ್ಲಿಯರ್ ಚಾನಲ್ ಕಂಪನಿಯೊಳಗೆ ಒಂದು ಪಟ್ಟಿ ಓಡಾಡಿತು. ಸದ್ಯಕ್ಕೆ ಹಾಕುವುದು ಬೇಡ ಎನ್ನಿಸುವಂಥ ನೂರೈವತ್ತಕ್ಕೂ ಹೆಚ್ಚು ಹಾಡುಗಳು ಅದರಲ್ಲಿದ್ದವು. ‘ಇಮ್ಯಾಜಿನ್’ ಇತ್ತು. ಕ್ಯಾಟ್ ಸ್ಟೀವನ್ಸ್‌ನ ‘ಪೀಸ್ ಟ್ರೇನ್’ ಇತ್ತು. ಈ ಲೋಕ ಎಷ್ಟು ಚೆಂದ ಎಂದು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದೂ ಇತ್ತು. ಕಂಪನಿ ತಕ್ಷಣ ಸಮಜಾಯಿಷಿ ಕೊಟ್ಟಿತು: ಇದು ನಿಷೇಧವಲ್ಲ. ಸರಿಯೇ. ಯಾರು ಎಲ್ಲಿ ಏನನ್ನು ನಿಷೇಧಿಸಿದ್ದಾರೆ ಹೇಳಿ? ಎಲ್ಲವೂ ಬರೀ ವಿನಂತಿ.

ಲೆನನ್ ಈ ಹಾಡು ಕಟ್ಟಿದ ಪಿಯಾನೋವನ್ನು ಅದಕ್ಕೆ ಒಂದು ವರ್ಷ ಮೊದಲು, 2000ದಲ್ಲಿ, ಗಾಯಕ ಜಾರ್ಜ್ ಮೈಕಲ್ 14.5 ಲಕ್ಷ ಪೌಂಡು ಕೊಟ್ಟು ಹರಾಜಿನಲ್ಲಿ ಕೊಂಡಿದ್ದ. ಆಸ್ತಿಯಿಲ್ಲದ ಲೋಕವನ್ನು ಊಹಿಸಿಕೊಳ್ಳಲು ತಗಲುವ ಖರ್ಚು ಅಷ್ಟು.

2001ರಲ್ಲಿ ಬೇಡವಾಗಿದ್ದ ಹಾಡು 2024ಕ್ಕೆ ಮಂಗಳಾರತಿಯಾಯಿತು. ಹಾಡಿನಲ್ಲಿ ಒಂದಕ್ಷರ ಬದಲಾಗಿಲ್ಲ. ಬದಲಾದದ್ದು ಅದರ ಹೆಗಲು: ಈಗ ಅದರ ಮೇಲೊಂದು ಶಾಲು ಬಿದ್ದಿದೆ. ಆದ್ದರಿಂದ ಆಳುವವರಿಗೆ, ಆಳಲು ಸರತಿಯಲ್ಲಿ ನಿಂತವರಿಗೆ ನನ್ನದೊಂದು ಬಿಟ್ಟಿ ಸಲಹೆ. ಸ್ವಾತಂತ್ರ್ಯ ಬೇಕು ಎಂದು ಯಾರಾದರೂ ಹಾಡಿದರೆ ದಯವಿಟ್ಟು ಲಾಠಿ ಎತ್ತಬೇಡಿ. ಶಾಲು, ಗಂಧದ ಹಾರ, ಮೈಸೂರು ಪೇಟ, ಒಂದು ಬುಟ್ಟಿ ಹಣ್ಣು. ಒಟ್ಟು ಎರಡು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಜೈಲು, ಕೋರ್ಟು, ವಕೀಲರು ಎಂದು ಬೊಕ್ಕಸ ಬರಿದು ಮಾಡುವ ಮೂರ್ಖತನ ಯಾಕೆ?

ಲಾಠಿಯಲ್ಲ, ತುತ್ತೂರಿ ಎತ್ತಿಯೂ ಕೆಟ್ಟವರಿದ್ದಾರೆ. ಎಸ್ಟೋನಿಯಾ ಎಂಬ ದೇಶವಿದೆ. ಅಲ್ಲಿ ಈಗಿರುವುದು ಹದಿಮೂರು ಹದಿನಾಲ್ಕು ಲಕ್ಷ ಜನ, ನಮ್ಮ ಬೆಂಗಳೂರಿನ ಒಂದು ದಿಕ್ಕಿಗೂ ಸಾಲದು. ಅವರಿಗೆ ಹಾಡಿನ ಹುಚ್ಚು. 1869ರಲ್ಲಿ ಟಾರ್ಟು ಊರಿನಲ್ಲಿ ಶುರುವಾದ ಹಾಡುಹಬ್ಬವನ್ನು, ಎರಡನೇ ಮಹಾಯುದ್ಧದ ಗದ್ದಲದಲ್ಲಿ ದೇಶವೇ ಸೋವಿಯತ್ ಒಕ್ಕೂಟದ ಹೊಟ್ಟೆ ಸೇರಿದ ಮೇಲೂ ಬಿಡಲಿಲ್ಲ. ಮಾಸ್ಕೋದವರು ದಡ್ಡರಲ್ಲ. ಹಬ್ಬ ನಿಲ್ಲಿಸಲಿಲ್ಲ. ಹಾಡಿ ಸ್ವಾಮಿ, ಹೊಟ್ಟೆ ತುಂಬ ಹಾಡಿ, ಲೆನಿನ್ ಮೇಲೆ ಹಾಡಿ, ಪಕ್ಷದ ಮೇಲೆ ಹಾಡಿ ಎಂದರು. ಲಿಡಿಯಾ ಕೊಯ್ದುಲಾ ಎಂಬ ಹತ್ತೊಂಬತ್ತನೇ ಶತಮಾನದ ಕವಯಿತ್ರಿ ತಾಯ್ನಾಡಿನ ಮೇಲೆ ಬರೆದ ಒಂದು ಪದ್ಯ, ಅದಕ್ಕೆ ಗುಸ್ತಾವ್ ಎರ್ನೆಸಾಕ್ಸ್ 1944ರಲ್ಲಿ ಕೂಡಿಸಿದ ರಾಗ, ಇದೊಂದರ ಮೇಲೆ ಮಾತ್ರ ಅವರಿಗೆ ಕಣ್ಣು.

1969ರಲ್ಲಿ ಹಬ್ಬಕ್ಕೆ ನೂರು ತುಂಬಿತು. ಟ್ಯಾಲಿನ್ ನಗರದ ಬಯಲಿನಲ್ಲಿ ಗಾಯಕರು ಆ ಹಾಡು ಹಾಡಿದರು. ಇಳಿಯಿರಿ ಎಂದರೆ ಇಳಿಯಲಿಲ್ಲ, ಮತ್ತೆ ಅದನ್ನೇ ಎತ್ತಿಕೊಂಡರು. ಅಧಿಕಾರಿಗಳಿಗೆ ಕೈಕಾಲು ಆಡಲಿಲ್ಲ. ಊದಿ, ಜೋರಾಗಿ ಊದಿ, ಹಾಡು ಕೇಳಬಾರದು ಎಂದು ತುತ್ತೂರಿ ಬ್ಯಾಂಡಿನವರಿಗೆ ಅಪ್ಪಣೆಯಾಯಿತು. ಮದುವೆ ಮನೆಯಲ್ಲಿ ಓಲಗದವರನ್ನು ನೋಡಿದವರಿಗೆ ಗೊತ್ತಿರುತ್ತದೆ: ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುವುದೇ ಯಾರಾದರೂ ಸೀನಿದ್ದು ಕೇಳಿಸದಿರಲಿ ಎಂದು. ಒಂದು ಸೀನನ್ನು ಮುಚ್ಚಬಹುದು. ಒಂದು ಬಯಲು ತುಂಬ ಗಂಟಲುಗಳಿದ್ದರೆ? ಊದುವವರ ಕೆನ್ನೆ ಸೋತವು, ಹಾಡು ಸೋಲಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಎರ್ನೆಸಾಕ್ಸ್‌ನನ್ನೇ ವೇದಿಕೆಗೆ ಕರೆದು, ನೀನೇ ಮುಂದೆ ನಿಂತು ಇನ್ನೊಮ್ಮೆ ಹಾಡಿಸು ಎಂದರು. ಇದೆಲ್ಲ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು ಎಂಬಂತೆ ಮುಖ ಮಾಡಿಕೊಂಡು ಕೂತರು. ಆ ಮಹಾಶಯನೋ, ಸೋವಿಯತ್ ಎಸ್ಟೋನಿಯಾದ ಸರ್ಕಾರಿ ಗೀತೆಗೂ ರಾಗ ಹಾಕಿದವನು. ಎರಡು ಹಾಡಿಗೂ ಒಬ್ಬನೇ ತಂದೆ. ಒಂದನ್ನು ಹಾಡಿ ಎಂದರೆ ಜನ ಕೆಮ್ಮುತ್ತಿದ್ದರು, ಇನ್ನೊಂದನ್ನು ಬೇಡವೆಂದರೂ ಅಳುತ್ತ ಹಾಡುತ್ತಿದ್ದರು.

1988ರ ಸೆಪ್ಟೆಂಬರ್‌ನಲ್ಲಿ ಅದೇ ಬಯಲಿಗೆ ಸುಮಾರು 3 ಲಕ್ಷ ಜನ ಬಂದರು. 1991ರ ಆಗಸ್ಟ್ 20ರಂದು ದೇಶ ಕೈತಪ್ಪಿತು. ಶಾಲು ಹೊದಿಸಿದ್ದೂ ದಂಡವಾಯಿತಲ್ಲ ಎಂದು ನೀವು ಕೇಳಬಹುದು. ಹೊದಿಸಿದ್ದು ನಿಜ, ಆದರೆ ಹೊತ್ತು ಮೀರಿ. ಬ್ಯಾಂಡು ಬಾರಿಸಿದ ಮೇಲೆ ತಂದದ್ದು ಶಾಲಲ್ಲ, ಬಿಳಿ ಬಾವುಟ.

ಇರಾನಿನ ನ್ಯಾಯಾಲಯ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರಲ್ಲಿ ಮಹ್ಸಾ ಅಮೀನಿ ಎಂಬ ಯುವತಿ ಪೊಲೀಸರ ವಶದಲ್ಲಿ ಸತ್ತ ಮೇಲೆ ಬೀದಿಗಿಳಿದ ಜನ, ತಾವು ಯಾತಕ್ಕಾಗಿ ಕೂಗುತ್ತಿದ್ದೇವೆ ಎಂದು ಟ್ವಿಟರಿನಲ್ಲಿ ಬರೆದುಕೊಂಡಿದ್ದರು. ಶರ್ವಿನ್ ಹಾಜಿಪುರ್ ಎಂಬ ಹುಡುಗ ಅವನ್ನೇ ಪೋಣಿಸಿ ‘ಬರಾಯೆ’ ಎಂಬ ಹಾಡು ಮಾಡಿದ. ಬಂಧನವಾಯಿತು. ಮರುವರ್ಷ ಗ್ರ್ಯಾಮಿ ಸಮಾರಂಭದಲ್ಲಿ ಆ ಹಾಡಿಗೆ ವಿಶೇಷ ಪ್ರಶಸ್ತಿ ಬಂತು. 2024ರಲ್ಲಿ ಮೂರು ವರ್ಷ ಎಂಟು ತಿಂಗಳ ಜೈಲು ಶಿಕ್ಷೆಯ ತೀರ್ಪು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಮಾಮೂಲಿ ಕಥೆ. ತೀರ್ಪಿನ ಜೊತೆ ಮನೆಗೆಲಸವನ್ನೂ ಕೊಟ್ಟರು: ಅಮೆರಿಕ ಮಾಡಿರುವ ಅಪರಾಧಗಳ ಮೇಲೆ ಒಂದು ಹಾಡು ಕಟ್ಟಬೇಕು! ಕವಿತೆ ಬರೆದದ್ದಕ್ಕೆ ಶಿಕ್ಷೆ ಕೊಟ್ಟದ್ದನ್ನು ಲೋಕ ಕಂಡಿದೆ, ಕವಿತೆಯನ್ನೇ ಶಿಕ್ಷೆಯಾಗಿ ಕೊಟ್ಟದ್ದು ಅಪರೂಪ. ಆ ನ್ಯಾಯಾಧೀಶರ ಒಳಗೊಬ್ಬ ಕನ್ನಡ ಮೇಷ್ಟ್ರಿದ್ದಾರೆ. ‘ಈ ವಿಷಯದ ಮೇಲೆ ಇಪ್ಪತ್ತು ಸಾಲಿಗೆ ಮೀರದಂತೆ’ ಎಂದು ಹೇಳಿಲ್ಲವಲ್ಲ ಎಂಬುದೊಂದೇ ಸಮಾಧಾನ. ಆಮೇಲೆ ಹುಡುಗನಿಗೆ ಕ್ಷಮಾದಾನ ಸಿಕ್ಕಿತು.

ನಿಜವಾದ ಕಸುಬುದಾರರು ಅಮೆರಿಕದವರು. ಅವರಿಂದ ಕಲಿಯಬೇಕು. ‘ವಿ ಶಲ್ ಓವರ್‌ಕಮ್’ ಹಾಡಿನ ಕಥೆ ಗೊತ್ತಲ್ಲ? ಅದೇ, ಗಿರಿಜಾಕುಮಾರ ಮಾಥುರ್ ಹಿಂದಿಗೆ ತಂದದ್ದು, ಕನ್ನಡದಲ್ಲೂ ನಾವೆಲ್ಲ ಶಾಲೆಯಲ್ಲಿ ಕ್ಯಾನ್ವಾಸ್ ಬೂಟಿಗೆ ಸೀಮೆಸುಣ್ಣ ತೀಡಿಕೊಂಡು ನಿಂತು ಕಿರುಚಿದ್ದು. 1945ರಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಊರಿನ ತಂಬಾಕು ಕಾರ್ಖಾನೆಯ ಕೂಲಿಗಳು ಮುಷ್ಕರ ಹೂಡಿದರು. ಹೆಚ್ಚಿನವರು ಕಪ್ಪು ಹೆಂಗಸರು. ಲೂಸಿಲ್ ಸಿಮನ್ಸ್ ಎಂಬಾಕೆ ಹಳೆಯ ಚರ್ಚಿನ ಹಾಡೊಂದನ್ನು ನಿಧಾನಕ್ಕೆ ಎಳೆದೆಳೆದು ಹಾಡುತ್ತಿದ್ದಳು. ‘ನಾನು’ ಎಂದಿದ್ದಲ್ಲಿ ‘ನಾವು’ ಎನ್ನುತ್ತಿದ್ದಳು. ಅಲ್ಲಿಂದ ಅದು ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಗೆ ಹೋಯಿತು. ಕಪ್ಪು ಬಿಳಿ ಕೂಲಿಗಳು ಒಂದೇ ಮೇಜಿನಲ್ಲಿ ಉಂಡು ಕಲಿಯುತ್ತಿದ್ದ ಜಾಗ. ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು, ಅವರಿಂದ ಗಾಯಕ ಪೀಟ್ ಸೀಗರ್ ಕಲಿತ.

1959ರಲ್ಲಿ ಆ ಶಾಲೆಗೆ ಪೊಲೀಸರು ನುಗ್ಗಿದರು. ನೆಪ, ಹೆಂಡ. ದೀಪ ಆರಿಸಿ ಟಾರ್ಚು ಹಿಡಿದು ತಡಕಾಡತೊಡಗಿದರು. ಕತ್ತಲಲ್ಲಿ ಕೂತ ಮಕ್ಕಳು ಸಣ್ಣಗೆ ಈ ಹಾಡು ಶುರು ಮಾಡಿದರು. ಮಾಂಟ್ಗೊಮರಿಯಿಂದ ಬಂದಿದ್ದ ಹದಿನಾಲ್ಕರ ಆಸುಪಾಸಿನ ಹುಡುಗಿಯೊಬ್ಬಳು ನಮಗೆ ಹೆದರಿಕೆಯಿಲ್ಲ ಎಂಬರ್ಥದ ಒಂದು ಹೊಸ ನುಡಿಯನ್ನು ಅಲ್ಲೇ ಸೇರಿಸಿದಳು. ಹಾಡು ಏರಿತು. ಟಾರ್ಚು ಹಿಡಿದ ಪೊಲೀಸನ ಕೈ ನಡುಗುತ್ತಿತ್ತಂತೆ. ಹಾಡಲೇಬೇಕಾದರೆ ಹಾಡಿಕೊಳ್ಳಿ, ಇಷ್ಟು ಜೋರಾಗಿ ಹಾಡಬೇಕಾ ಎಂದು ಕೇಳಿದನಂತೆ. ದೊಡ್ಡವಳಾದ ಮೇಲೆ ಆಕೆ ಈ ಪ್ರಸಂಗವನ್ನು ಹೇಳಿಕೊಂಡಿದ್ದಾಳೆ. ಪಾಪ, ಆ ಪೊಲೀಸನಿಗೆ ತರಬೇತಿ ಸಾಲದು. ದೀಪ ಆರಿಸುವುದು ಕಳ್ಳರನ್ನು ಹಿಡಿಯುವ ಉಪಾಯವೂ ಅಲ್ಲ, ಹಾಡುವವರನ್ನು ಬೆದರಿಸುವ ಉಪಾಯವೂ ಅಲ್ಲ. ದೀಪ ಹಚ್ಚಬೇಕು, ಇನ್ನಷ್ಟು ಹಚ್ಚಬೇಕು, ಕ್ಯಾಮರಾ ತರಿಸಬೇಕು.

ಅದನ್ನು ಅರಿತಿದ್ದವನು ಅಧ್ಯಕ್ಷ ಲಿಂಡನ್ ಜಾನ್ಸನ್. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಮತದಾನದ ಹಕ್ಕು ಕೇಳಿ ನಡೆದು ಹೊರಟವರ ತಲೆ ಒಡೆಯಲಾಯಿತು. ಎಂಟು ದಿನ ಬಿಟ್ಟು ಜಾನ್ಸನ್ ಸಂಸತ್ತಿನ ಎದುರು, ಟೀವಿ ಕ್ಯಾಮರಾಗಳ ಎದುರು ನಿಂತು ಭಾಷಣ ಮಾಡುತ್ತ ಆ ಹಾಡಿನ ಹೆಸರನ್ನೇ ಉಚ್ಚರಿಸಿಬಿಟ್ಟ. ಬೀದಿಯವರ ಹಾಡು ಸಿಂಹಾಸನದ ಬಾಯಿಗೆ ಬಂತು. ಕಾನೂನೂ ಬಂತು, ಆಗಸ್ಟ್ 6ಕ್ಕೆ ಸಹಿಯಾಯಿತು. ಅದನ್ನು ಅಲ್ಲಗಳೆದರೆ ನನ್ನ ನಾಲಗೆ ಬೀಳುತ್ತದೆ. ಆದರೆ ನಡುವೆ ಇನ್ನೊಂದು ತಾರೀಕಿದೆ. ಜುಲೈ 28ರಂದು ಇದೇ ಜಾನ್ಸನ್ ವಿಯೆಟ್ನಾಮಿನಲ್ಲಿರುವ ಅಮೆರಿಕದ ಸೈನಿಕರನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಸಾರಿದ. ಅದೂ ‘ನಾವು ಗೆಲ್ಲುವೆವು’ ಎಂಬ ಅರ್ಥದಲ್ಲೇ ಇರಬೇಕು. ಸಮೂಹಗಾನದಲ್ಲಿ ಇದೊಂದು ತಾಪತ್ರಯ: ‘ನಾವು’ ಎನ್ನುವ ಪದದೊಳಗೆ ಯಾರು ಬೇಕಾದರೂ ಬಂದು ನಿಲ್ಲಬಹುದು, ಚೀಟಿ ತೋರಿಸಬೇಕಾಗಿಲ್ಲ.

ಪೀಟ್ ಸೀಗರ್‌ನ ಕಥೆ ಶಾಲಿನ ಅಂಗಡಿಗೆ ಜಾಹೀರಾತಾಗಬಲ್ಲದು. 1955ರಲ್ಲಿ ಸಂಸದೀಯ ಸಮಿತಿಯೊಂದು ಅವನನ್ನು ಕರೆಸಿ ನಿನ್ನ ಗೆಳೆಯರು ಯಾರು, ಯಾರ ಮುಂದೆ ಹಾಡಿದೆ ಎಂದು ವಿಚಾರಿಸಿತು. ಉತ್ತರ ಕೊಡಲಿಲ್ಲವೆಂದು 1961ರಲ್ಲಿ ಜೈಲು ಶಿಕ್ಷೆಯಾಯಿತು, ಮರುವರ್ಷ ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ವರ್ಷಗಟ್ಟಲೆ ಟೀವಿ ಬಾಗಿಲು ಮುಚ್ಚಿತ್ತು. 1967ರಲ್ಲಿ ಕರೆದರೂ, ವಿಯೆಟ್ನಾಂ ಯುದ್ಧವನ್ನು ಕುಟುಕುವ ಅವನ ಹಾಡನ್ನು ಕತ್ತರಿಸಿಯೇ ತೋರಿಸಿದರು. 1994ರಲ್ಲಿ? ರಾಷ್ಟ್ರೀಯ ಕಲಾ ಪದಕ, ಜೊತೆಗೆ ಕೆನಡಿ ಸೆಂಟರ್ ಗೌರವ, ಎರಡೂ ಒಂದೇ ವರ್ಷ. ಅವನಿಗಾಗ ಎಪ್ಪತ್ತೈದು. ಗಂಟಲು ಸೋತಿತ್ತು. ಶಾಲು ಹೊದಿಸಲು ಅದೇ ಪ್ರಶಸ್ತ ಕಾಲ. ನಮ್ಮ ಅಕಾಡೆಮಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಕವಿಯ ಆಸ್ಪತ್ರೆ ಬಿಲ್ಲು ಮತ್ತು ಪ್ರಶಸ್ತಿ ಪತ್ರ ಒಂದೇ ಟಪಾಲಿನಲ್ಲಿ ಬರುವಂತೆ ನೋಡಿಕೊಳ್ಳುವುದರಲ್ಲಿ ಅವು ಪಳಗಿವೆ.

ಹಾಡಿಗೆ ಏನಾಯಿತು? ಅದಕ್ಕೆ ಯಜಮಾನರು ಬಂದರು. 1960ರಲ್ಲಿ, ಮತ್ತೆ 1963ರಲ್ಲಿ ಹಕ್ಕುಸ್ವಾಮ್ಯ ನೋಂದಣಿಯಾಯಿತು. ಸೀಗರ್ ಸೇರಿ ನಾಲ್ವರ ಹೆಸರು ಬಿತ್ತು. ಲೂಸಿಲ್ ಸಿಮನ್ಸಳ ಹೆಸರು ಅದರಲ್ಲಿ ಇರಲಿಲ್ಲ. ನಾವು ಮಾಡಿಸದಿದ್ದರೆ ಇನ್ಯಾವನೋ ಹಣವಂತ ಮಾಡಿಸಿಕೊಳ್ಳುತ್ತಿದ್ದ ಎಂಬುದು ಅವರ ವಾದ, ಬಂದ ಹಣ ದಕ್ಷಿಣದ ಕಪ್ಪು ಜನರ ಕೆಲಸಕ್ಕೇ ಹೋಗುತ್ತಿತ್ತು. ನಂಬೋಣ, ನಂಬುವಂಥ ಮನುಷ್ಯರೇ. ಆದರೆ ಹಾಡಿಗೆ ಬೇಲಿ ಬಿತ್ತಲ್ಲ. ಸಿನಿಮಾದವರು ಬಳಸಬೇಕೆಂದರೆ ಕಾಸು ಕೊಡಬೇಕು, ಅಪ್ಪಣೆ ಬೇಡಬೇಕು; ಅಪ್ಪಣೆ ಸಿಗದೆಯೂ ಇರಬಹುದು. ಕೊನೆಗೆ 2016ರಲ್ಲಿ ಕೆಲವರು ಕೋರ್ಟಿಗೆ ಹೋದರು. ಹಳೆಯ ಹಾಡಿಗಿಂತ ನಿಮ್ಮದು ಬೇರೆ ಹೇಗೆ ಎಂದರೆ, ‘ವಿಲ್’ ತೆಗೆದು ‘ಶಲ್’ ಹಾಕಿದ್ದೇವೆ ಎಂಬುದು ಮುಖ್ಯ ಉತ್ತರಗಳಲ್ಲೊಂದು! ಇಂಥ ಚಿಲ್ಲರೆ ಬದಲಾವಣೆಗೆ ಒಡೆತನ ಸಿಕ್ಕದು ಎಂದು 2017ರಲ್ಲಿ ನ್ಯಾಯಾಧೀಶೆ ಹೇಳಿದರು, 2018ರ ಜನವರಿಯಲ್ಲಿ ರಾಜಿಯಾಗಿ ಹಾಡು ಎಲ್ಲರದಾಯಿತು. ಬಿಡುಗಡೆ ಬೇಡುವ ಹಾಡಿಗೆ ಬಿಡುಗಡೆ ಸಿಕ್ಕಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಕನ್ನಡದವರ ಪುಣ್ಯ, ನಮ್ಮಲ್ಲಿ ವಿಲ್ಲೂ ‘ಗೆಲ್ಲುವೆವು’, ಶಲ್ಲೂ ‘ಗೆಲ್ಲುವೆವು’. ವಕೀಲರಿಗೆ ಒಂದು ಬಿಡಿಗಾಸೂ ಹುಟ್ಟದ ವ್ಯಾಕರಣ.

ಬಾಬ್ ಡಿಲನ್ ವಿಚಾರ ಬೇಗ ಮುಗಿಸುತ್ತೇನೆ. ಯುದ್ಧ ಇನ್ನೆಷ್ಟು ದಿನ, ಮನುಷ್ಯನನ್ನು ಮನುಷ್ಯನೆಂದು ಕಾಣುವುದು ಎಂದು ಎಂಬ ಜಾತಿಯ ಪ್ರಶ್ನೆಗಳನ್ನೇ ಸಾಲಾಗಿ ಕೇಳುವ ‘ಬ್ಲೋಯಿಂಗ್ ಇನ್ ದ ವಿಂಡ್’ 2019ರಲ್ಲಿ ಬಡ್‌ವೈಸರ್ ಬಿಯರಿನ ಜಾಹೀರಾತಾಯಿತು. ಗಾಳಿಯಂತ್ರದ ಕರೆಂಟಿನಿಂದ ಬಿಯರು ಮಾಡುತ್ತಾರಂತೆ, ಗಾಳಿ ಅಂದರೆ ಗಾಳಿ. ಅರವತ್ತರ ದಶಕದ ಪ್ರಶ್ನೆಗೆ ಅಂತೂ ಉತ್ತರ ಸಿಕ್ಕಿತು: ತಣ್ಣಗಿದೆ, ಬಾಟಲಿಯಲ್ಲಿದೆ.

ಊರಿನವರನ್ನೆಲ್ಲ ಆಡಿಕೊಂಡು ನಮ್ಮ ಮನೆಯ ತೂತು ಬಿಟ್ಟರೆ ತಪ್ಪಾಗುತ್ತದೆ. ಎಲ್ಲ ಮತದವರೂ ಕೂಡಿ ಬಾಳುವ ನಾಡೆಂದು ಕುವೆಂಪು ಬರೆದ ಗೀತೆ 2004ರಲ್ಲಿ ನಾಡಗೀತೆಯಾಯಿತು. ಆಮೇಲೆ ನಾವು ಕೂಡಿ ಬಾಳಿದೆವೋ ಇಲ್ಲವೋ ಎಂಬುದನ್ನು ಯಾರೂ ಅಳೆಯಲಿಲ್ಲ. ಹಾಡು ಎಷ್ಟು ನಿಮಿಷ ಎಂಬುದನ್ನು ಮಾತ್ರ ಅಳೆದೆವು. ಮೈಸೂರು ಅನಂತಸ್ವಾಮಿಯವರ ರಾಗವೋ, ಸಿ. ಅಶ್ವತ್ಥ್ ಅವರದೋ ಎಂದು ವರ್ಷಗಟ್ಟಲೆ ಜಟಾಪಟಿಯಾಗಿ, 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ರಾಗ, 2 ನಿಮಿಷ 30 ಸೆಕೆಂಡು, ಎಳೆದಾಟವಿಲ್ಲದೆ. ಅದರ ಮೇಲೆ ಹೈಕೋರ್ಟಿಗೆ ಅರ್ಜಿ ಹೋಯಿತು, 2024ರಲ್ಲಿ ವಜಾ ಆಯಿತು. ಹೀಗೆ ನಮ್ಮಲ್ಲಿ ಸಾಮರಸ್ಯಕ್ಕೆ ಕಾನೂನುಬದ್ಧವಾದ ಎರಡೂವರೆ ನಿಮಿಷ ಸಿಕ್ಕಿದೆ. ಅಷ್ಟು ಹೊತ್ತು ಎಲ್ಲರೂ ನೆಟ್ಟಗೆ ನಿಲ್ಲುತ್ತೇವೆ, ಪಕ್ಕದವನ ಜಾತಿ ಕೇಳುವುದಿಲ್ಲ. ಆಮೇಲೆ ಕೂತುಕೊಳ್ಳುತ್ತೇವೆ.

ಇನ್ನೊಂದು ಹಾಡು ನೆನಪಿಗೆ ಬರುತ್ತದೆ, ಅದು ತಮಾಷೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಸಿದ್ಧಲಿಂಗಯ್ಯನವರು 1947ರಲ್ಲಿ ಬಂದ ಸ್ವಾತಂತ್ರ್ಯದ ವಿಳಾಸ ವಿಚಾರಿಸಿ ಬರೆದರು. ದಲಿತ ಸಂಘರ್ಷ ಸಮಿತಿಯವರು ತಮಟೆ ಹಿಡಿದು ಕೇರಿಕೇರಿಗಳಲ್ಲಿ, ಮೆರವಣಿಗೆಗಳಲ್ಲಿ ಅದನ್ನು ಹಾಡಿದರು. ನಾಡು ಆ ಹಾಡನ್ನು ಬಹಳ ಮೆಚ್ಚಿತು. ಕವಿಯನ್ನು ವಿಧಾನ ಪರಿಷತ್ತಿಗೆ ಕರೆಯಿತು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕುರ್ಚಿ ಕೊಟ್ಟಿತು, 2021ರಲ್ಲಿ ಅವರು ತೀರಿಕೊಂಡ ಮೇಲೆ ಮರುವರ್ಷ ಪದ್ಮಶ್ರೀಯನ್ನೂ ಕೊಟ್ಟಿತು. ಅವರು ಕೇಳಿದ್ದು ಪ್ರಶ್ನೆ. ಉತ್ತರ ಕೊಡಲು ಭೂಮಿ ಬೇಕು, ನೀರು ಬೇಕು, ಗುಡಿಯ ಬಾಗಿಲು ತೆಗೆಯಬೇಕು, ಹೋಟೆಲಿನ ಲೋಟ ಒಂದೇ ಆಗಬೇಕು. ಪದಕ ಅಗ್ಗ. ನಾವು ಲೆಕ್ಕ ಬಲ್ಲವರು. ಈಗ ಆ ಹಾಡನ್ನು ಏಸಿ ಸಭಾಂಗಣಗಳಲ್ಲಿ ಕೀಬೋರ್ಡ್ ಇಟ್ಟುಕೊಂಡು ಹಾಡುತ್ತಾರೆ, ಮುಂದಿನ ಸಾಲಿನ ಸೋಫಾದಲ್ಲಿ ಕೂತವರು ತೊಡೆ ತಟ್ಟಿ ತಾಳ ಹಾಕುತ್ತಾರೆ. ಯಾರಿಗಾದರೂ ಪ್ರಶ್ನೆ ಕೇಳಿಸಿದ ಹಾಗೆ ಕಾಣುವುದಿಲ್ಲ. ರಾಗ ಚೆನ್ನಾಗಿದೆ.

ಪ್ಯಾರಿಸ್ಸಿನ ಪಿಯಾನೋ ಸುಟ್ಟು ಮೂರು ವಾರಕ್ಕೆ ಆಗಸ್ಟ್ 15 ಬಂತು. ಮಗಳ ಶಾಲೆಯಲ್ಲಿ ಕಾರ್ಯಕ್ರಮ. ‘ವಿ ಶಲ್ ಓವರ್‌ಕಮ್’ ಹಾಡಿನ ಕನ್ನಡ ರೂಪವನ್ನು ಇವಳ ತಂಡ ಹಾಡುವುದೆಂದು ಒಂದು ವಾರದಿಂದ ಮನೆಯಲ್ಲಿ ಅದೇ ರಿಂಗಣ. ಬೆಳಗ್ಗೆ ಏಳೂವರೆಗೇ ಶಾಮಿಯಾನದ ಕೆಳಗೆ ಕೂತೆವು. ಮುಖ್ಯ ಅತಿಥಿಗಳು ಎಂಟಕ್ಕೆ ಬರಬೇಕಿತ್ತು, ಎಂಟೂಮುಕ್ಕಾಲಾದರೂ ದಾರಿಯಲ್ಲೇ ಇದ್ದರು. ಮಕ್ಕಳನ್ನು ಸುಮ್ಮನಿರಿಸಲು ಅಷ್ಟರಲ್ಲಿ ಒಂದು ಸಲ ಹಾಡಲಿ, ಅವರು ಬಂದ ಮೇಲೆ ಇನ್ನೊಂದು ಸಲ ಹಾಡಿಸೋಣ ಎಂದು ಮೇಷ್ಟ್ರು ಮೈಕು ಕೊಟ್ಟರು. ಎರಡನೇ ನುಡಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮೈಕು ಒಮ್ಮೆ ಕುಂಯ್ ಎಂದು ಸತ್ತಿತು.

ಮಕ್ಕಳು ನಿಲ್ಲಿಸಲಿಲ್ಲ. ಮೈಕಿಲ್ಲದ್ದಕ್ಕೋ ಏನೋ, ಇನ್ನೂ ಏರಿಸಿದರು. ಹಿಂದಿನ ಸಾಲಿನ ಚಿಕ್ಕ ಮಕ್ಕಳೂ ಸೇರಿಕೊಂಡರು, ಕಾಂಪೌಂಡಿನ ಆಚೆ ಕಸದ ಗಾಡಿ ನಿಲ್ಲಿಸಿದ ಹೆಂಗಸು ಇತ್ತ ನೋಡತೊಡಗಿದಳು. ಮೇಷ್ಟ್ರು ವೇದಿಕೆಯ ಬದಿಯಿಂದ ಕೈ ಬೀಸುತ್ತ ಓಡಿ ಬಂದರು.

“ಯಾಕ್ರೇ ಹಿಂಗ್ ಕಿರುಚ್ತೀರಾ? ಸ್ವಲ್ಪ ಮೆತ್ತಗೆ!”

ಮಗಳು ಅವರ ಕಡೆ ನೋಡಲಿಲ್ಲ. ವೇದಿಕೆಯ ಮೇಜಿನ ಮೇಲೆ, ಹಣ್ಣಿನ ಬುಟ್ಟಿಯ ಪಕ್ಕ, ಶಾಲು ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು.